ಹಾಲು-ಅನ್ನ ಬಡಿಸುವವರು

ರೋಗಿ ಬಯಸಿದ್ದೂ ಹಾಲು-ಅನ್ನ, ವೈದ್ಯ ಹೇಳಿದ್ದೂ ಹಾಲು-ಅನ್ನ. ಈ ಗಾದೆ ಇವತ್ತು ಕಾಯಿಲೆಯ ಮಾತಿಗಿಂತ ಬೇರೆ ಮಾತುಗಳಲ್ಲೇ ಹೆಚ್ಚು ಬಳಕೆಯಲ್ಲಿದೆ. ಕೇಳಿದ ಊರಿಗೇ ವರ್ಗವಾದಾಗ, ಬೇಡವೆಂದುಕೊಂಡಿದ್ದ ಸಂಬಂಧಕ್ಕೆ ಜಾತಕವೇ ಕೂಡದೆ ಹೋದಾಗ ಯಾರಾದರೊಬ್ಬರು ನಕ್ಕು ಇದನ್ನು ಹೇಳುತ್ತಾರೆ. ಬಯಸಿದ್ದೇ ಕೈಸೇರಿದ ಸಂತೋಷ ಅದರಲ್ಲಿದೆ. ಇದು ಹೇಗೆ ಇಷ್ಟು ಸಲೀಸಾಗಿ ಕೂಡಿಬಂತು ಎನ್ನುವ ಸಣ್ಣ ಅನುಮಾನವೂ ಇದೆ.

ಗಾದೆ ಕಟ್ಟಿದವರು ಹಾಲು-ಅನ್ನವನ್ನೇ ಏಕೆ ಆರಿಸಿಕೊಂಡರು? ಮುದ್ದೆಯ ಸೀಮೆಯಲ್ಲಾಗಲಿ ಜೋಳದ ರೊಟ್ಟಿಯ ಸೀಮೆಯಲ್ಲಾಗಲಿ ಕೆಲವು ತಲೆಮಾರುಗಳ ಹಿಂದೆ ಬಹುಪಾಲು ಮನೆಗಳಿಗೆ ಅಕ್ಕಿಯ ಅನ್ನ ದಿನದ ಊಟವಾಗಿರಲಿಲ್ಲ. ಹಬ್ಬಕ್ಕೆ ಅನ್ನ, ನೆಂಟರಿಗೆ ಅನ್ನ, ಹಾಸಿಗೆ ಹಿಡಿದವರಿಗೆ ಅನ್ನ. ಪಥ್ಯ ಎಂದರೆ ಉಪ್ಪು, ಹುಳಿ, ಖಾರ ಬಿಡುವುದು, ಕಹಿ ಕಷಾಯ ಕುಡಿಯುವುದು. ವೈದ್ಯರ ಬಾಯಿಂದ ಬರುವುದೆಲ್ಲ ಬೇಡವಾದದ್ದೇ. ಅಂಥ ಕಡೆ ಆಸೆಯೂ ಪಥ್ಯವೂ ಒಂದೇ ಬಟ್ಟಲಲ್ಲಿ ಬಂದರೆ ಅದು ಅಪರೂಪ. ಗಾದೆಯ ಬೆರಗು ಇರುವುದು ಅಲ್ಲಿ.

ಆದರೆ ಗಾದೆಯಲ್ಲಿ ಇಬ್ಬರೇ ಇದ್ದಾರೆ. ಹಾಲು ಕಾಯಿಸಿದವರು, ಅನ್ನವನ್ನು ಮೆತ್ತಗೆ ಹಿಸುಕಿ ಬಡಿಸಿದವರು, ರಾತ್ರಿಯೆಲ್ಲ ಪಕ್ಕದಲ್ಲಿ ಎದ್ದು ಕೂತವರು ಅದರೊಳಗೆ ಕಾಣುವುದಿಲ್ಲ. ನನ್ನ ಗಂಡನ ಕತ್ತಿನ ಡಿಸ್ಕ್ ಜಾರಿದ ಮೇಲೆ ನಾನು ಆ ಮೂರನೆಯವರ ಜಾಗದಲ್ಲಿ ನಿಂತು ಈ ಗಾದೆಯನ್ನು ಮತ್ತೆ ಮತ್ತೆ ಯೋಚಿಸಿದ್ದೇನೆ.

ನಮ್ಮವರು ತುಮಕೂರಿನಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ಮೊದಲು ಕತ್ತು ಹಿಡಿದುಕೊಂಡಿತು, ದಿಂಬು ಸರಿಯಿರಲಿಲ್ಲ ಅಂದುಕೊಂಡೆವು. ಆಮೇಲೆ ನೋವು ಬಲ ಹೆಗಲೆಲುಬಿನಿಂದ ತೋಳಿಗೆ ಇಳಿದು ನಡುಬೆರಳಿನವರೆಗೆ ಹೋಯಿತು. ಬೋರ್ಡಿನ ಮೇಲ್ಗಡೆ ಬರೆಯಲು ತಲೆಯೆತ್ತಿದರೆ ಕರೆಂಟು ಹೊಡೆದಂತಾಗುತ್ತದೆ ಅನ್ನುತ್ತಿದ್ದರು. ಕುರ್ಚಿಯ ಕೈ ಒತ್ತಿ ಏಳಲು ಹೋದರೆ ಬಲಗೈ ಸೋಲುತ್ತಿತ್ತು. ಮಲಗಿದರೆ ನೋವು ಜಾಸ್ತಿ, ಹಾಗಾಗಿ ರಾತ್ರಿ ಹೊತ್ತು ಬಲಗೈಯನ್ನು ನೆತ್ತಿಯ ಮೇಲಿಟ್ಟುಕೊಂಡು ಕೂತೇ ಇರುತ್ತಿದ್ದರು. ಅತ್ತೆಗೆ ಅದನ್ನು ನೋಡಲಾಗುತ್ತಿರಲಿಲ್ಲ. “ತಲೆ ಮೇಲೆ ಕೈ ಹೊತ್ಕೊಂಡು ಕೂರಬೇಡ ಮಗ, ಮನೆಗೆ ಒಳ್ಳೇದಲ್ಲ” ಅನ್ನುತ್ತಿದ್ದರು. ಡಾಕ್ಟರ ಮುಂದೆ ನಾನು ಈ ಸಂಗತಿ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಕೈಯನ್ನು ತಲೆಯ ಮೇಲಿಟ್ಟರೆ ಎಳೆದುಕೊಂಡಿದ್ದ ನರ ಸಡಿಲವಾಗುತ್ತದೆ. ಕತ್ತಿನಲ್ಲಿ ನರದ ಬೇರು ಒತ್ತಿಕೊಂಡಿದೆ ಎಂಬುದಕ್ಕೆ ಅದು ವೈದ್ಯರು ಗುರುತಿಸುವ ಲಕ್ಷಣಗಳಲ್ಲೊಂದಂತೆ. ಅಶುಭವೆಂದು ಬೈಸಿಕೊಂಡ ಭಂಗಿ ರೋಗಿಯ ದೇಹ ತಾನೇ ಹುಡುಕಿಕೊಂಡ ಉಪಶಮನವಾಗಿತ್ತು.

ಕತ್ತಿನಲ್ಲಿ ಏಳು ಮೂಳೆಗಳು. ಮೇಲಿನ ಎರಡರ ನಡುವೆ ಬಿಟ್ಟರೆ ಉಳಿದೆಲ್ಲ ಮೂಳೆಗಳ ನಡುವೆ ಒಂದೊಂದು ಡಿಸ್ಕ್. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಮೆತ್ತನೆಯ ತಿರುಳು. ಬೇಯುವಾಗ ಕಡುಬಿನ ಅಂಚು ಬಿಟ್ಟು ಹೂರಣ ಹೊರಬರುವ ಹಾಗೆ ತಿರುಳು ಹೊರಬಂದು ಪಕ್ಕದ ನರಕ್ಕೆ ತಾಗುತ್ತದೆ. ನಮ್ಮವರದು ಆರು ಮತ್ತು ಏಳನೆಯ ಮೂಳೆಯ ನಡುವಿನದು. ಕತ್ತಿನಲ್ಲಿ ಅತಿ ಹೆಚ್ಚು ತೊಂದರೆ ಕೊಡುವ ಜಾಗ ಅದು, ಮತ್ತು ಅದರ ಮೇಲಿನದು. ನಡುಬೆರಳು ಜೋಮು ಹಿಡಿದಿದ್ದಕ್ಕೂ ತೋಳಿನ ಹಿಂಭಾಗದ ಬಲ ಕುಗ್ಗಿದ್ದಕ್ಕೂ ಆ ಒಂದೇ ನರ ಕಾರಣ.

ಈಗ ಗಾದೆಯ ಮೊದಲ ಅರ್ಧ. ರೋಗಿ ಬಯಸಿದ್ದೇನು? “ಆಪರೇಷನ್ ಬೇಡ ಕಣೇ” ಎನ್ನುವುದು ಅವರ ಮೊದಲ ಮಾತು. ಬೇಡ ಅನ್ನುವುದು ಬಯಕೆಯ ಅರ್ಧ ಮಾತ್ರ. ಬೇಕಾದ್ದೇನು ಎಂದು ಕೇಳಿದರೆ ಒಂದು ರಾತ್ರಿ “ನಿದ್ದೆ” ಅಂದರು, ಇನ್ನೊಂದು ದಿನ “ಹತ್ತನೇ ಕ್ಲಾಸಿನ ಪೋರ್ಷನ್ ಮುಗಿಸಬೇಕು” ಅಂದರು. ಎಷ್ಟೋ ದಿನವಾದ ಮೇಲೆ, ದೀಪ ಆರಿಸಿದ ಹೊತ್ತಿನಲ್ಲಿ, ಕೇಳಬೇಕಾದ ಮಾತು ಹೊರಬಂತು: “ಗಂಟಲ ಹತ್ರ ಕೊಯ್ತಾರಂತಲ್ಲ, ದನಿ ಹೋದ್ರೆ ನಾನು ಮೇಷ್ಟ್ರಾಗಿ ಏನ್ ಮಾಡ್ಲಿ?”

ಆ ಭಯಕ್ಕೆ ಆಧಾರವಿತ್ತು. ಕತ್ತಿನ ಡಿಸ್ಕನ್ನು ಮುಂಭಾಗದಿಂದ, ಶ್ವಾಸನಾಳದ ಪಕ್ಕದ ದಾರಿಯಲ್ಲಿ ಹೋಗಿ ತೆಗೆದು ಎರಡು ಮೂಳೆಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯನ್ನು 1950ರ ದಶಕದಲ್ಲಿ ಅಮೆರಿಕದ ಸ್ಮಿತ್, ರಾಬಿನ್ಸನ್ ಮತ್ತು ಕ್ಲೋವರ್ಡ್ ರೂಪಿಸಿದರು. ಇವತ್ತಿಗೂ ಅದು ಚಾಲ್ತಿಯಲ್ಲಿದೆ, ಬಹಳ ಮಂದಿಗೆ ಒಳ್ಳೆಯ ಫಲ ಕೊಡುತ್ತದೆ. ಧ್ವನಿಪೆಟ್ಟಿಗೆಗೆ ಹೋಗುವ ನರ ಅದೇ ದಾರಿಯ ಪಕ್ಕದಲ್ಲಿದೆ. ಕೆಲವು ದಿನ, ಕೆಲವು ವಾರ ದನಿ ಒಡೆಯುವುದು, ನುಂಗಲು ಕಷ್ಟವಾಗುವುದು ಉಂಟು. ದನಿ ಶಾಶ್ವತವಾಗಿ ಕೆಡುವುದು ವಿರಳ. ಆ ವಿರಳ ಎಂಬ ಮಾತು ಅಂಗಡಿ ನಡೆಸುವವರಿಗೆ ಒಂದು ತೂಕ, ದಿನಕ್ಕೆ ಐದು ಪೀರಿಯಡ್ ಪಾಠ ಮಾಡುವವರಿಗೆ ಇನ್ನೊಂದು ತೂಕ. ಎಂಆರ್‌ಐ ಚಿತ್ರದಲ್ಲಿ ಮೇಷ್ಟ್ರೂ ಕಾಣುವುದಿಲ್ಲ, ಪಾಠವೂ ಕಾಣುವುದಿಲ್ಲ. ಅದನ್ನು ಡಾಕ್ಟರ ಕೋಣೆಗೆ ಮನೆಯವರೇ ಹೊತ್ತುಕೊಂಡು ಹೋಗಬೇಕು.

ಚಿತ್ರದ ಬಗ್ಗೆ ಇನ್ನೊಂದು ಮಾತು. ರಿಪೋರ್ಟಿನಲ್ಲಿ ‘ಎಕ್ಸ್‌ಟ್ರೂಷನ್’, ‘ಕಂಪ್ರೆಷನ್’ ಎಂಬ ಪದಗಳನ್ನು ಓದಿ ಮನೆಯೆಲ್ಲ ತಣ್ಣಗಾಗಿತ್ತು. ಫಿಸಿಯೋಥೆರಪಿ ಓದಿರುವ ನಾದಿನಿಯ ಮಗಳು ಬಂದು ಕೂತು ಧೈರ್ಯ ಹೇಳಿದಳು. ಕತ್ತಿನ ನೋವೇ ಇಲ್ಲದ 1,211 ಜನರನ್ನು ಜಪಾನಿನಲ್ಲಿ ಎಂಆರ್‌ಐ ಮಾಡಿ ನೋಡಿದಾಗ ಶೇಕಡಾ 87.6 ಜನರಲ್ಲಿ ಡಿಸ್ಕ್ ಉಬ್ಬಿತ್ತಂತೆ. 2015ರಲ್ಲಿ ಪ್ರಕಟವಾದ ಅಧ್ಯಯನ ಅದು. ಉಬ್ಬು ಕಂಡ ಮಾತ್ರಕ್ಕೆ ರೋಗವಲ್ಲ, ಉಬ್ಬಿನ ಜಾಗವೂ ಜೋಮು ಹಿಡಿದ ಬೆರಳೂ ಸೋತ ಸ್ನಾಯುವೂ ಒಂದಕ್ಕೊಂದು ತಾಳೆಯಾಗಬೇಕು. ನಮ್ಮವರಲ್ಲಿ ತಾಳೆಯಾಗಿತ್ತು, ನಿಜ. ಆದರೂ ಆ ಪದಗಳ ಹೆದರಿಕೆ ಅರ್ಧ ಇಳಿಯಿತು.

ಇನ್ನು ವೈದ್ಯ ಹೇಳಿದ್ದೇನು? ಇಬ್ಬರು ವೈದ್ಯರು, ಎರಡು ಮಾತು. ಒಬ್ಬರು ಬೇಗ ಆಪರೇಷನ್ ಆಗಲಿ, ಕೈಬಲ ಕುಗ್ಗಿದೆ ಅಂದರು. ಇನ್ನೊಬ್ಬರು ಆರು ವಾರ ಮಾತ್ರೆ, ವಿಶ್ರಾಂತಿ, ಫಿಸಿಯೋಥೆರಪಿ ನೋಡೋಣ, ಪ್ರತಿ ವಾರ ಬಂದು ಕೈಬಲ ತೋರಿಸಿ ಅಂದರು. ಎರಡನೆಯವರ ಮಾತು ನಮಗೆ ಹಾಲು-ಅನ್ನ. ಹಾಗಾಗಿಯೇ ನನಗೆ ಅನುಮಾನ ಬಂತು. ನಿಜವಾಗಿದ್ದಕ್ಕೆ ಹಿಡಿಸಿತೋ, ಹಿಡಿಸಿದ್ದಕ್ಕೆ ನಿಜವೆನಿಸಿತೋ?

ಅಧ್ಯಯನಗಳು ಹೇಳುವುದು ಹೀಗಿದೆ. ಮುಂದೆ ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯ ನಿರ್ದೇಶಕರಾದ ನರರೋಗತಜ್ಞ ಕುರುಪತ್ ರಾಧಾಕೃಷ್ಣನ್ ಮತ್ತು ಸಂಗಡಿಗರು ಅಮೆರಿಕದ ರಾಚೆಸ್ಟರ್ ಊರಿನಲ್ಲಿ 1976ರಿಂದ 1990ರವರೆಗೆ ಕತ್ತಿನ ನರ ಒತ್ತಿಕೊಂಡಿದ್ದ 561 ಜನರ ದಾಖಲೆ ನೋಡಿ 1994ರಲ್ಲಿ ಪ್ರಕಟಿಸಿದರು. ಆಪರೇಷನ್ ಆದವರು ಸುಮಾರು ಕಾಲುಭಾಗ. ಕೊನೆಯ ಸಲ ವಿಚಾರಿಸಿದಾಗ ನೂರರಲ್ಲಿ ತೊಂಬತ್ತು ಮಂದಿ ನೋವಿಲ್ಲದೆ ಅಥವಾ ಅಲ್ಪಸ್ವಲ್ಪ ತೊಂದರೆಯಲ್ಲಿದ್ದರು. ಸುಮಾರು ಮೂವರಲ್ಲಿ ಒಬ್ಬರಿಗೆ ನಡುವೆ ಒಮ್ಮೆಯಾದರೂ ಮರುಕಳಿಸಿತ್ತು, ಅದನ್ನೂ ಮರೆಯಬಾರದು. ಭಾರ ಎತ್ತಿಯೋ ಪೆಟ್ಟು ಬಿದ್ದೋ ಶುರುವಾದದ್ದು ಸುಮಾರು ಶೇಕಡಾ ಹದಿನೈದು ಜನರಲ್ಲಿ ಮಾತ್ರ. ಇದನ್ನು ಕೇಳಿದ ಮೇಲೆ “ಆವತ್ತು ಗ್ಯಾಸ್ ಸಿಲಿಂಡರ್ ಎತ್ತಿದ್ದಕ್ಕೇ ಹೀಗಾಯ್ತು” ಎಂಬ ಮಾತನ್ನು ನಮ್ಮ ಮನೆಯಲ್ಲಿ ನಿಲ್ಲಿಸಿದೆವು. ಸ್ವೀಡನ್ನಿನಲ್ಲಿ 81 ಜನರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆಪರೇಷನ್, ಫಿಸಿಯೋಥೆರಪಿ, ಕತ್ತಿನ ಕಾಲರ್ ಮೂರನ್ನೂ ಹೋಲಿಸಿದರು. ನಾಲ್ಕು ತಿಂಗಳಲ್ಲಿ ಆಪರೇಷನ್ ಆದವರ ನೋವು ಹೆಚ್ಚು ಇಳಿದಿತ್ತು. ವರ್ಷ ದಾಟುವ ಹೊತ್ತಿಗೆ ಮೂರು ಗುಂಪಿನವರ ನಡುವೆ ಹೇಳಿಕೊಳ್ಳುವಂಥ ಅಂತರ ಉಳಿದಿರಲಿಲ್ಲ.

ಅಂದರೆ ಬಹಳ ಸಲ ಎರಡು ದಾರಿಯೂ ಹೆಚ್ಚುಕಡಿಮೆ ಒಂದೇ ಊರು ಸೇರುತ್ತವೆ. ಒಂದು ಬೇಗ, ಒಂದು ನಿಧಾನ. ಇಂಥ ಕಡೆ ರೋಗಿಯ ಬಯಕೆಗೆ ನ್ಯಾಯವಾದ ಜಾಗವಿದೆ. ಅದನ್ನು ಹಟವೆಂದೋ ಹೆದರಿಕೆಯೆಂದೋ ತಳ್ಳಿಹಾಕಬಾರದು. ಇದು ಎರಡೂ ಕಡೆಗೆ ಸಲ್ಲುವ ಮಾತು. ನಮ್ಮ ಬೀದಿಯಲ್ಲಿ ಗಾರೆ ಕೆಲಸದವರೊಬ್ಬರಿದ್ದಾರೆ. ಇದೇ ತೊಂದರೆಯಲ್ಲಿ ಮೂರು ತಿಂಗಳು ನರಳಿದರು. ಕೂಲಿಯಿಲ್ಲದೆ ಇನ್ನು ಕಾಯಲಾರೆ, ಕೊಯ್ದು ಮುಗಿಸಿ ಅಂದರು. ಬೇಗ ನೋವಿಳಿಯುವುದೇ ಅವರಿಗೆ ಹಾಲು-ಅನ್ನ. ಅವರ ಆಯ್ಕೆ ನಮ್ಮದಕ್ಕಿಂತ ಒಂದು ಎಳ್ಳಿನಷ್ಟೂ ಕಡಿಮೆ ವಿವೇಕದ್ದಲ್ಲ. ದುಡ್ಡಿನ ಮಾತೂ ಇದರೊಳಗೆ ಸೇರಿದೆ. ಆಸ್ಪತ್ರೆಗೆ ಸೇರಿ ಆಪರೇಷನ್ ಮಾಡಿಸಿಕೊಂಡರೆ ವಿಮೆ ಕೊಡುತ್ತದೆ, ವಾರಕ್ಕೆ ಮೂರು ಸಲ ಫಿಸಿಯೋಥೆರಪಿಗೆ ಹೋಗಿಬರುವ ಖರ್ಚನ್ನು ಸಾಮಾನ್ಯ ಪಾಲಿಸಿಗಳು ಕೊಡುವುದಿಲ್ಲ. ಕಾಯುವುದು ಕೂಡ ಎಲ್ಲರ ಕೈಗೆಟುಕುವ ಚಿಕಿತ್ಸೆಯಲ್ಲ ಎನ್ನುವುದು ನನ್ನನ್ನು ಈಗಲೂ ಕಾಡುತ್ತದೆ.

ಅನುಮಾನ ಹೋಗಲಾಡಿಸಿಕೊಳ್ಳಲು ಎರಡನೆಯ ವೈದ್ಯರನ್ನೇ ಕೇಳಿದೆ: “ಸರ್, ನೀವು ಯಾವಾಗ ಆಪರೇಷನ್ ಮಾಡಿಸಿ ಅಂತೀರಿ?” ಅವರು ತಡವರಿಸದೆ ಹೇಳಿದರು. ಕೈಬಲ ವಾರದಿಂದ ವಾರಕ್ಕೆ ಇಳಿದರೆ. ಆರು ವಾರ, ಹೆಚ್ಚೆಂದರೆ ಮೂರು ತಿಂಗಳಾದರೂ ನೋವು ಬದುಕಲು ಬಿಡದಿದ್ದರೆ. ಮತ್ತು ನರದ ಬೇರಲ್ಲದೆ ಬೆನ್ನುಹುರಿಯೇ ಒತ್ತಿಕೊಂಡ ಲಕ್ಷಣ ಕಂಡರೆ: ಅಂಗಿಯ ಗುಂಡಿ ಹಾಕಲು ಬೆರಳು ತಡಕಾಡುವುದು, ಅಕ್ಷರ ಕೆಡುವುದು, ನಡಿಗೆ ತೂರಾಡುವುದು, ಕಾಲು ಬಿಗಿಯುವುದು, ಮೂತ್ರ ಹಿಡಿತ ತಪ್ಪುವುದು. ಆಗ ಕಾಯುವ ಮಾತೇ ಇಲ್ಲ, ಹುರಿಗೆ ಆದ ನಷ್ಟ ಪೂರ್ತಿ ಮರಳಿ ಬರುತ್ತದೆಂಬ ಭರವಸೆಯಿಲ್ಲ. ಹಾಲು-ಅನ್ನ ಹೇಳಿದ ವೈದ್ಯ ಅದನ್ನು ನಿಲ್ಲಿಸುವ ದಿನ ಯಾವುದೆಂದೂ ಹೇಳಬಲ್ಲವನಾದರೆ ಅವನನ್ನು ನಂಬಬಹುದು ಎಂದು ನನಗೆ ಅನ್ನಿಸಿತು. ನಿಲ್ಲಿಸುವ ದಿನವೇ ಇಲ್ಲದ ಹಾಲು-ಅನ್ನಗಳು ಸುತ್ತಮುತ್ತ ಬೇಕಾದಷ್ಟು ಸಿಗುತ್ತವೆ. ಎಣ್ಣೆ ನೀವಿ ಬಿಸಿ ಕೊಟ್ಟರೆ ಹಿತ, ಅದಕ್ಕೆ ನನ್ನ ತಕರಾರಿಲ್ಲ. ಕತ್ತು ಹಿಡಿದು ಲಟ್ಟನೆ ತಿರುಗಿಸಿ ನೆಟಿಗೆ ತೆಗೆಯುವವರ ಹತ್ತಿರ ಮಾತ್ರ ಯಾರನ್ನೂ ಕಳಿಸಬೇಡಿ. ಡಿಸ್ಕ್ ಜಾರಿದ ಕತ್ತಿಗೆ ಅದು ಅಪಾಯ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಅದೇ ಮೂಳೆಗಳ ಮೂಲಕ ಹಾದುಹೋಗುತ್ತವೆ.

ಬಡಿಸುವವರಿಗೂ ಒಂದು ಬಯಕೆ ಇರುತ್ತದೆ. ಅದನ್ನು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಹೇಳದೆ ಹೋದರೆ ಅದು ರೋಗಿಯ ಬಯಕೆಯ ವೇಷ ಹಾಕಿಕೊಂಡು ಹೊರಬರುತ್ತದೆ. ನನ್ನದು ಅವರ ಬಯಕೆಗೆ ತದ್ವಿರುದ್ಧವಾಗಿತ್ತು. ರಾತ್ರಿ ಅವರು ಎದ್ದು ಕೂತ ಸದ್ದಾದಾಗಲೆಲ್ಲ ಆಪರೇಷನ್ ಆಗಿ ಒಂದು ಕಡೆ ಮುಗಿಯಲಿ ಎಂದೇ ನನ್ನ ಮನಸ್ಸು ಬೇಡುತ್ತಿತ್ತು. ಡಾಕ್ಟರು “ಮನೆಯವರು ಏನಂತೀರಿ?” ಎಂದಾಗ ನಮ್ಮವರ ಆಸೆಯನ್ನು ಅವರದೆಂದು, ನನ್ನ ಭಯವನ್ನು ನನ್ನದೆಂದು ಬೇರೆ ಬೇರೆ ಹೇಳಿದೆ. ಇಬ್ಬರ ಮಾತೂ ಅವರ ಎದುರಲ್ಲೇ ಆಯಿತು.

ಮನೆಗೆ ಬಂದು ವೈದ್ಯರು ಹೇಳಿದ ಲಕ್ಷಣಗಳನ್ನೆಲ್ಲ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ದಿನಾ ಬೆಳಿಗ್ಗೆ ಅವರು ಗುಂಡಿ ಹಾಕಿಕೊಳ್ಳುವುದನ್ನು ನೋಡುತ್ತೇನೆ, ಎರಡೂ ಅಂಗೈಯನ್ನು ಗೋಡೆಗೊತ್ತಿ ತಳ್ಳಿಸುತ್ತೇನೆ. ನೋವು ಈಗ ಬಹಳ ಮಟ್ಟಿಗೆ ಇಳಿದಿದೆ, ತೋಳಿನ ಬಲ ಮರಳುತ್ತಿದೆ, ನಡುಬೆರಳಿನ ಜೋಮು ಇನ್ನೂ ಇದೆ. ಆ ಹಾಳೆ ಅಂಟಿಸಿದ ದಿನ ಅವರು ಅದನ್ನು ನಿಧಾನವಾಗಿ ಪೂರ್ತಿ ಓದಿ ಹೇಳಿದರು: “ಇದ್ರಲ್ಲಿ ಒಂದು ಕಂಡ್ರೂ ನಾನು ಬೇಡ ಅಂತೀನಿ, ಖಂಡಿತ ಅಂತೀನಿ. ಆವತ್ತು ನನ್ನ ಮಾತು ಕೇಳಬೇಡ. ಕಾರು ಮಾಡ್ಸಿ ಬೆಂಗಳೂರಿಗೆ ಕರ್ಕೊಂಡು ಹೋಗು.”