ದಯೆಯೋ, ಹಕ್ಕೋ?

ಶಿರಾ ತಾಲೂಕಿನ ಬರಗೂರಿನಿಂದ ತುಮಕೂರು ವಿಶ್ವವಿದ್ಯಾನಿಲಯಕ್ಕೆ ಓದಲು ಬರುವ ಅಂಧ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಗೆಳೆಯರು ಕೈಹಿಡಿದು ಬಸ್ಸು ಹತ್ತಿಸುತ್ತಾರೆ, ನೋಟ್ಸ್ ಓದಿ ಹೇಳುತ್ತಾರೆ. ನಾವು ಇದನ್ನು ಮಾನವೀಯತೆ ಎನ್ನುತ್ತೇವೆ, ಹೌದು ಕೂಡ. ಆದರೆ ಗೆಳೆಯ ಬಾರದ ದಿನ ಇವನ ಪಾಠವೂ ನಿಲ್ಲಬೇಕೇ? ದಯೆ ಪಡೆದವನು ಗೆಳೆಯನೊಡನೆ ಮುನಿಸಿಕೊಳ್ಳುವಂತೆಯೂ ಇಲ್ಲ. (ಉಳಿದ ಹುಡುಗರಿಗೆ ಆ ಸ್ವಾತಂತ್ರ್ಯ ಧಾರಾಳವಾಗಿದೆ!)

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು ಮೀಸಲಿಟ್ಟಿದೆ, ಅದಕ್ಕೆ ಶೇ. 40ರಷ್ಟಾದರೂ ವೈಕಲ್ಯವಿರಬೇಕು. ಪರೀಕ್ಷೆಯಲ್ಲಿ ಬರೆದುಕೊಡುವ ಸಹಾಯಕರನ್ನು ಪಡೆಯಲು ಮಾತ್ರ ಆ ಅಳತೆ ಬೇಕಿಲ್ಲವೆಂದು 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನು ಪಠ್ಯಪುಸ್ತಕ. ಅದನ್ನು ಧ್ವನಿರೂಪದಲ್ಲೋ ಬ್ರೈಲ್‌ನಲ್ಲೋ ಒದಗಿಸುವ ಕೆಲಸ ಗೆಳೆಯನದಲ್ಲ, ಗ್ರಂಥಾಲಯದ್ದು.