ಆ ಹತ್ತು ವರ್ಷ ಯಾರವು?

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇವೆ. ಪ್ರಶ್ನೆ ನಮ್ಮದಲ್ಲ. ಮೈಸೂರಿನಲ್ಲಿ ಓದುವಾಗ ಒಂದು ದಿನ ತರಗತಿಯಲ್ಲಿ ಕೇಳಿದ್ದು: ‘ನೀವು ಇವತ್ತು ಏನಾಗಿದ್ದೀರೋ ಹಾಗೆ ನಿಮ್ಮನ್ನು ಮಾಡಿದ ಹತ್ತು ವರ್ಷ ಯಾವುವು? ಒಬ್ಬೊಬ್ಬರೂ ಎದ್ದು ಹೇಳಿ.’ ಒಬ್ಬಳು ಎದ್ದು ಅಜ್ಜನ ಮನೆಯ ಪುಸ್ತಕದ ಬೀರುವನ್ನು ನೆನೆದಳು. ಒಬ್ಬ ಸಂಗೀತದ ಪಾಠ ಹೇಳಿದ. ಇನ್ನೊಬ್ಬ ಅಪ್ಪನ ವರ್ಗಾವಣೆಯಿಂದಾಗಿ ಐದು ಊರು ಕಂಡದ್ದನ್ನು ಹೇಳಿದ. ಚೆನ್ನಾಗಿಯೇ ಹೇಳಿದರು, ಸುಳ್ಳೇನೂ ಹೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಹಾಸ್ಟೆಲಿನ ನಾವು ನಾಲ್ಕೈದು ಜನ ತಲೆ ತಗ್ಗಿಸಿ ಕೂತಿದ್ದೆವು. ನಮ್ಮ ಸರದಿ ಬರುವ ಮೊದಲೇ ಗಂಟೆ ಹೊಡೆಯಿತು, ಬಚಾವಾದೆವು.

ಆದರೆ ಪ್ರಶ್ನೆ ಬಿಡಲಿಲ್ಲ. ಸಂಜೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಕೂತು ಅದನ್ನೇ ಮಾತಾಡಿದೆವು. ಉತ್ತರ ಯಾಕೆ ಬಾಯಿಗೆ ಬರಲಿಲ್ಲ? ನಾಚಿಕೆಯೇ? ಇಲ್ಲ, ನಾಚಿಕೆ ದಾಟಿ ಬಹಳ ದಿನವಾಗಿತ್ತು. ಆ ಪ್ರಶ್ನೆಯೊಳಗೇ ಒಂದು ನಂಬಿಕೆ ಕೂತಿತ್ತು. ವರ್ಷಗಳೆಂಬುವು ಹೊಲದ ಹಾಗೆ, ಒಬ್ಬೊಬ್ಬನ ಹೆಸರಿಗೂ ಒಂದಷ್ಟು ಖಾತೆಯಾಗಿರುತ್ತವೆ, ಅವನ್ನು ಅವನೇ ಉತ್ತು ಬೆಳೆದುಕೊಳ್ಳುತ್ತಾನೆ ಎಂಬ ನಂಬಿಕೆ. ಹೊಲವೇ ಇಲ್ಲದವರ ಮಕ್ಕಳು ನಾವು. ವರ್ಷಗಳಾದರೂ ನಮ್ಮ ಹೆಸರಿಗೆ ಇದ್ದವೇ?

ಈ ಬರಹದ ‘ನಾವು’ ಆ ನಾಲ್ಕೈದು ಜನ. ನಮ್ಮಲ್ಲಿ ಒಬ್ಬನ ಕಥೆ ಇನ್ನೊಬ್ಬನದಕ್ಕೆ ಅದಲುಬದಲಾದರೂ ಗುರುತು ಸಿಗುವುದಿಲ್ಲ. ಅಷ್ಟು ಒಂದೇ ಥರ.

ಮೊದಲ ಹತ್ತು ವರ್ಷದ ಮಾತು ಬೇಗ ಮುಗಿಸುತ್ತೇವೆ, ಯಾಕೆಂದರೆ ಅದನ್ನು ಓದುಗರು ಬಲ್ಲರು. ಊರಿನ ಹೋಟ್ಲಿನಲ್ಲಿ ಬೇರೆ ಲೋಟ ಇಡುವುದು ಅಪರಾಧ ಅಂತ ನಾವು ಹುಟ್ಟುವ ಎಷ್ಟೋ ಮೊದಲೇ ಕಾನೂನಾಗಿತ್ತು. ಹೋಟ್ಲಿನವನು ಕಾನೂನು ಮುರಿಯಲಿಲ್ಲ, ನಮಗೆ ಪ್ಲಾಸ್ಟಿಕ್ ಲೋಟ ತಂದ. ಕುಡಿದು ಬಿಸಾಕುವ ಲೋಟ. ‘ಇದು ಕ್ಲೀನು’ ಅಂದ. ಜಾತಿ ಕಾಲಕ್ಕೆ ತಕ್ಕ ಹಾಗೆ ಕಲಿಯುತ್ತದೆ ಎಂಬ ಪಾಠವನ್ನು ನಾವು ಅಆಇಈಗಿಂತ ಮೊದಲೇ ಕಲಿತೆವು. ಇನ್ನೊಂದು ಪಾಠವನ್ನೂ ಕಲಿತೆವು. 2002-03ರ ಹೊತ್ತಿಗೆ ಅಕ್ಷರ ದಾಸೋಹ ಶುರುವಾಗಿ, ನಾವು ಶಾಲೆ ಸೇರುವ ಹೊತ್ತಿಗೆ ಬಿಸಿಯೂಟ ಬಂದಿತ್ತು. ಊರಿನ ಮಕ್ಕಳೂ ಕೇರಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಒಂದೇ ಹಂಡೆಯ ಸಾರು ಉಂಡೆವು. ಪಕ್ಕದವನ ತಟ್ಟೆಗೆ ನಮ್ಮ ಮೊಣಕೈ ತಾಗುತ್ತಿತ್ತು, ಅವನು ಸಾಯಲಿಲ್ಲ. ಈ ಎರಡು ಪಾಠದ ನಡುವೆ ನಮ್ಮ ಬಾಲ್ಯ ಮುಗಿಯಿತು.

ಹತ್ತು ತುಂಬಿದ ಮೇಲೆ ಮೈಸೂರಿನ ಹಾಸ್ಟೆಲ್ಲು. ತಗಡಿನ ಟ್ರಂಕು, ಕಬ್ಬಿಣದ ಮಂಚ, ಗೋಡೆಯ ಮೇಲೆ ಕೋಟು ತೊಟ್ಟ ಬಾಬಾಸಾಹೇಬರು. ಕರೆಂಟು ಹೋಗದ ರಾತ್ರಿಗಳನ್ನು ಮೊದಲ ಸಲ ಕಂಡದ್ದು ಅಲ್ಲಿ. ಅಶೋಕಪುರಂ ಎಂಬ ಇಡೀ ಒಂದು ಕೇರಿ ಎದೆ ಸೆಟೆಸಿ ನಡೆಯುವುದನ್ನು ಕಂಡದ್ದೂ ಆಗಲೇ. ಏಪ್ರಿಲ್ 14ರಂದು ಅಲ್ಲಿ ಬೀದಿ ಬೀದಿಯೂ ನೀಲಿ. ‘ನಮ್ಮೋರು ಇಷ್ಟೊಂದ್ ಜನ ಇದ್ದಾರಾ?’ ಎಂದು ಬಾಯಿ ಬಿಟ್ಟುಕೊಂಡು ನೋಡಿದ ನೆನಪು ಇನ್ನೂ ಹಸಿ. ಅಲ್ಲಿಂದ ಪದವಿಯವರೆಗಿನ ಹತ್ತು ವರ್ಷವೇ ನಮ್ಮನ್ನು ಮಾಡಿದ್ದು ಎಂದು ತರಗತಿಯಲ್ಲಿ ಎದ್ದು ಹೇಳಬಹುದಿತ್ತು. ಹೇಳಿದ್ದರೆ ಮೇಡಂ ಮೆಚ್ಚುತ್ತಿದ್ದರು. ಕಷ್ಟಪಟ್ಟು ಮೇಲೆ ಬಂದವನ ಕಥೆ ಎಲ್ಲರಿಗೂ ಇಷ್ಟ. ಕೇಳಿದವರಿಗೆ ಖರ್ಚಿಲ್ಲದ ಕಥೆ ಅದು.

ಆದರೆ ಆ ಮಂಚ ಎಲ್ಲಿಂದ ಬಂತು? ಯಾರೋ ಹಾಕಿದ ಮಂಚದ ಮೇಲೆ ಮಲಗಿ ‘ನಾನೇ ಮೇಲೆ ಬಂದೆ’ ಅನ್ನುವುದು ಹೇಗೆ?

ಇದೇ ಊರಿನ ಕಥೆ ನೋಡಿ. 1918ರಲ್ಲಿ ನಾಲ್ವಡಿಯವರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಸರಕಾರಿ ನೌಕರಿಯೆಲ್ಲ ಒಂದೇ ಜಾತಿಯ ಕೈಯಲ್ಲಿದೆಯಲ್ಲ, ಉಳಿದವರಿಗೇನು ಎಂದು ಕೇಳಲು. ಅಷ್ಟಕ್ಕೇ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು. ಕನ್ನಂಬಾಡಿ ಕಟ್ಟೆಯ ಬಗ್ಗೆ ಪಾಠ ಓದಿದ ನಮಗೆ ಈ ಪಾಠ ಯಾರೂ ಮಾಡಿರಲಿಲ್ಲ. ಆಮೇಲೆ 1973ರ ನವೆಂಬರ್. ಇದೇ ಮೈಸೂರಿನ ಸಭೆಯೊಂದರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಬೇಕೆಂದು ಆಜ್ಞೆ ಮಾಡಿದ ಮನುಷ್ಯ ಅವರು. ಮಲ ಹೊರಿಸಿದ್ದಕ್ಕೆ ಬೀದಿಗಿಳಿಯದ ನಾಡು ಬೂಸಾ ಎಂದದ್ದಕ್ಕೆ ಇಳಿಯಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು, ಹಾಸ್ಟೆಲುಗಳ ಮೇಲೆ ಕಲ್ಲು ಬಿದ್ದವು, ಬಸವಲಿಂಗಪ್ಪ ರಾಜೀನಾಮೆ ಕೊಟ್ಟರು.

ಆ ಏಟು ತಿಂದ ಹುಡುಗರು ಸುಮ್ಮನೆ ಊರಿಗೆ ಹೋಗಲಿಲ್ಲ. ಅದೇ 1973ರಲ್ಲಿ ದೇವನೂರ ಮಹಾದೇವರ ‘ದ್ಯಾವನೂರು’ ಬಂತು. ನಂಜನಗೂಡು ಸೀಮೆಯ ನಮ್ಮ ಮಾತು, ನಮ್ಮ ಅವ್ವಂದಿರ ಮಾತು, ಅಚ್ಚಿನ ಮನೆಗೆ ಹೋಗಿ ಬಂತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’. ಭದ್ರಾವತಿಯಲ್ಲಿ ಮೇಷ್ಟರಾಗಿದ್ದ ಬಿ. ಕೃಷ್ಣಪ್ಪನವರು ಮುಂದೆ ನಿಂತು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಮೈಸೂರಿನಿಂದ ‘ಪಂಚಮ’ ಪತ್ರಿಕೆ ಹೊರಟಿತು. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿ ಚೀಟಿಯೂ ಇಲ್ಲದ ಕೂಲಿಯವನ ಕೈಗೆ ಮಣ್ಣು ಮಾತ್ರ ಮೆತ್ತಿತು. ಆ ಮಣ್ಣಿನ ಪ್ರಶ್ನೆ ಹಿಡಿದು ಸಂಘರ್ಷ ಸಮಿತಿ ತಮಟೆ ಬಾರಿಸುತ್ತ ಹಳ್ಳಿಗೆ ನಡೆಯಿತು. 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆ ಆಗದಂತೆ ಕಾನೂನು ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ. ಇಷ್ಟೆಲ್ಲ ಹತ್ತು ವರ್ಷದೊಳಗೆ! ಆಗ ನಾವು ಹುಟ್ಟಿರಲಿಲ್ಲ. ನಮ್ಮ ಅಪ್ಪಂದಿರು ಜೀತದ ಮನೆಯಲ್ಲಿ ಸಗಣಿ ಬಾಚುತ್ತಿದ್ದ ಹುಡುಗರು.

ಹಾಗಾದರೆ ನಮ್ಮನ್ನು ಮಾಡಿದ ಹತ್ತು ವರ್ಷ ನಾವು ಬದುಕಿದ್ದಲ್ಲ, ನಾವು ಹುಟ್ಟುವ ಮೊದಲೇ ಬೇರೆಯವರು ಬದುಕಿದ್ದು. ಇದನ್ನು ಒಪ್ಪಿಕೊಳ್ಳಲು ಮೊದಲು ಕಷ್ಟವಾಯಿತು. ಒಪ್ಪಿಕೊಂಡ ಮೇಲೆ ಬೆನ್ನಿಗೆ ಬಲ ಬಂತು.

ಇಲ್ಲಿಗೇ ನಿಲ್ಲಿಸಿದರೆ ಇದು ಮೆರವಣಿಗೆಯ ಭಾಷಣ. ಲೆಕ್ಕ ಇನ್ನೂ ಇದೆ.

ಬಾಬಾಸಾಹೇಬರ ಹತ್ತು ವರ್ಷ ನೋಡೋಣ. 1913ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಅವರು ನ್ಯೂಯಾರ್ಕಿಗೆ ಹೋದರು. ಆಗ ಇಪ್ಪತ್ತೆರಡು, ನಮ್ಮದೇ ವಯಸ್ಸು. ಓದಿ ಬಂದು ಹತ್ತು ವರ್ಷ ಸಂಸ್ಥಾನದ ಚಾಕರಿ ಮಾಡಬೇಕೆಂದು ಕರಾರು. 1917ರಲ್ಲಿ ಬರೋಡಕ್ಕೆ ಬಂದರೆ ಕಚೇರಿಯಲ್ಲಿ ಜವಾನ ದೂರದಿಂದ ಕಡತ ಎಸೆಯುತ್ತಿದ್ದ. ಇರಲು ಮನೆ ಇಲ್ಲದೆ ಪಾರ್ಸಿ ಛತ್ರದಲ್ಲಿ ಇದ್ದರೆ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಹತ್ತು ವರ್ಷದ ಕರಾರು ಹೆಚ್ಚು ದಿನ ನಡೆಯಲಿಲ್ಲ. ಆಮೇಲೆ ಮುಂಬಯಿಯಲ್ಲಿ ಮೇಷ್ಟರ ಕೆಲಸ, 1920ರಲ್ಲಿ ‘ಮೂಕನಾಯಕ’, ಮತ್ತೆ ಲಂಡನ್, ಬ್ಯಾರಿಸ್ಟರ್, 1923ರಲ್ಲಿ ಡಿ.ಎಸ್ಸಿ. ಈ ಹತ್ತು ವರ್ಷ ಅವರನ್ನು ಅಂಬೇಡ್ಕರ್ ಮಾಡಿತು ಎಂದು ನಾವೂ ಭಾಷಣ ಮಾಡಿದ್ದೇವೆ.

ಆದರೆ ಅದೇ ಹತ್ತು ವರ್ಷ ಮುಂಬಯಿಯ ಕೋಣೆಯಲ್ಲಿ ರಮಾಬಾಯಿಯವರಿಗೂ ನಡೆದಿತ್ತು. ಗಂಡ ಕಡಲಾಚೆ, ಮನೆಯಲ್ಲಿ ಬಡತನ. ಹೆತ್ತ ಐದು ಮಕ್ಕಳಲ್ಲಿ ನಾಲ್ವರನ್ನು ಆ ತಾಯಿ ಒಬ್ಬೊಬ್ಬರಾಗಿ ಮಣ್ಣಿಗಿಟ್ಟರು, 1935ರಲ್ಲಿ ತಾವೂ ಹೋದರು. ಆ ಹತ್ತು ವರ್ಷ ಅವರನ್ನು ಏನು ಮಾಡಿತು? ಯಾವ ತರಗತಿಯಲ್ಲೂ ಯಾರೂ ಕೇಳಲಿಲ್ಲ. ಬಾಬಾಸಾಹೇಬರು ಮಾತ್ರ ಮರೆಯಲಿಲ್ಲ. ಪಾಕಿಸ್ತಾನದ ಪ್ರಶ್ನೆಯ ಬಗ್ಗೆ ಬರೆದ ದೊಡ್ಡ ಗ್ರಂಥವನ್ನು ‘ರಾಮು’ವಿನ ನೆನಪಿಗೆ ಅರ್ಪಿಸಿದರು.

ಈಗ ನಮ್ಮ ಮನೆಗೆ ಬರೋಣ. ನಾವು ಹಾಸ್ಟೆಲ್ಲಿಗೆ ಬಂದ ವರ್ಷವೇ ಅಕ್ಕ ಏಳನೇ ತರಗತಿಗೆ ಶಾಲೆ ಬಿಟ್ಟಳು. ನಮಗಿಂತ ಚೆನ್ನಾಗಿ ಓದುತ್ತಿದ್ದಳು. ಮಗ್ಗಿ ತಪ್ಪಿದರೆ ನಮ್ಮ ತಲೆಗೆ ಮೊಟಕುತ್ತಿದ್ದವಳು ಅವಳೇ. ಇಬ್ಬರನ್ನೂ ಓದಿಸಲು ಅವ್ವನ ಕೂಲಿ ಸಾಲದು. ಮೈಸೂರಿನ ಕೇರಿಯಲ್ಲಿದ್ದ ಚಿಕ್ಕವ್ವನ ಮನೆಗೆ ಅವಳನ್ನು ಕಳಿಸಿದರು, ಊದುಬತ್ತಿ ಹೊಸೆಯಲು. ಬಾಗಿಲ ಬಳಿ ಮಣೆ ಇಟ್ಟುಕೊಂಡು ಇದ್ದಿಲ ಪುಡಿಯ ಕರಿ ಹಿಟ್ಟನ್ನು ಕಡ್ಡಿಗೆ ಸುತ್ತಿ ಸುತ್ತಿ ಸಾಲಾಗಿ ಇಡುವುದು. ಸಾವಿರ ಕಡ್ಡಿಗೆ ಇಷ್ಟು ಎಂದು ಲೆಕ್ಕ. ಮುರಿದದ್ದು, ಸಣ್ಣಗಾದದ್ದು ಲೆಕ್ಕಕ್ಕಿಲ್ಲ. ಭಾನುವಾರ ಹಾಸ್ಟೆಲ್ಲಿನಿಂದ ಹೋದರೆ ಕರಿ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತು ರೂಪಾಯಿ ಕೊಡುತ್ತಿದ್ದಳು. ‘ಪೆನ್ನು ತಕ್ಕೊ, ಸಿನಿಮಾಕ್ ಹೋಗ್ಬೇಡ’ ಅನ್ನುತ್ತಿದ್ದಳು. ನಾವು ಸಿನಿಮಾಕ್ಕೂ ಹೋದೆವು. ಅದನ್ನೂ ಈಗ ಬರೆಯಲೇಬೇಕು.

ಹತ್ತು ವರ್ಷ ಹೊಸೆದಳು. ಅವಳು ಹೊಸೆದ ಬತ್ತಿ ಗರ್ಭಗುಡಿಯ ಒಳಗೆ ಹೋಗಿ ಘಮಘಮಿಸಿತು. ನಮ್ಮೂರಿನಲ್ಲಿ ಅವಳು ಗುಡಿಯ ಮೆಟ್ಟಿಲ ಹತ್ತಿರವೇ ನಿಂತಳು. ಅದೇ ಹತ್ತು ವರ್ಷದಲ್ಲಿ ನಾವು ಪದವೀಧರರಾದೆವು, ಪದ್ಯ ಬರೆದೆವು, ವೇದಿಕೆ ಹತ್ತಿ ‘ನಮ್ಮ ಜನ’ ಎಂದು ಗುಡುಗಿದೆವು. ಒಂದೇ ಕಾಲ, ಒಂದೇ ಊರು, ಒಂದೇ ಹೊಟ್ಟೆಯ ಮಕ್ಕಳು. ಒಬ್ಬನಿಗೆ ಅವು ಕಟ್ಟಿದ ವರ್ಷಗಳು, ಒಬ್ಬಳಿಗೆ ಕಡಿದ ವರ್ಷಗಳು. ಅವಳ ಹತ್ತನ್ನು ಕಳೆದಿದ್ದಕ್ಕೇ ನಮ್ಮ ಹತ್ತು ಕೂಡಿದ್ದು. ಇದರಲ್ಲಿ ಜಾತಿಯ ಕೈ ಇದೆ, ಬಡತನದ ಕೈ ಇದೆ. ಗಂಡು ಮೊದಲು ಎನ್ನುವ ನಮ್ಮ ಕೇರಿಯ ಕೈಯೂ ಇದೆ. ಊರಿನವರನ್ನು ಬೈಯುವಾಗ ಏರುವ ದನಿ ಇಲ್ಲಿ ಯಾಕೆ ಇಳಿಯುತ್ತದೆ, ಗೆಳೆಯರೇ?

‘ಹತ್ತು ವರ್ಷ’ ಎಂಬ ಮಾತು ನಮಗೆ ಇನ್ನೊಂದು ದಿಕ್ಕಿನಿಂದಲೂ ಬಡಿಯುತ್ತದೆ. ‘ಮೀಸಲಾತಿ ಹತ್ತೇ ವರ್ಷಕ್ಕೆ ಅಂತ ಅಂಬೇಡ್ಕರ್ರೇ ಹೇಳಿದ್ದರಲ್ಲ, ಇನ್ನೂ ಎಷ್ಟು ದಿನ?’ ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ ಇದೇ ಮಾತು. ಹಳ್ಳಿಯ ಮೇಷ್ಟರುಗಳು ಇದಕ್ಕೆ ಉತ್ತರವನ್ನು ಬಾಯಲ್ಲಿ ಇಟ್ಟುಕೊಂಡಿರಬೇಕು. ಸಂವಿಧಾನದ 334ನೇ ವಿಧಿಯಲ್ಲಿದ್ದ ಹತ್ತು ವರ್ಷದ ಗಡುವು ಲೋಕಸಭೆ, ವಿಧಾನಸಭೆಯ ಸೀಟುಗಳಿಗೆ ಮಾತ್ರ. ಪಾರ್ಲಿಮೆಂಟು ಅದನ್ನು ಮತ್ತೆ ಮತ್ತೆ ವಿಸ್ತರಿಸಿದೆ, 104ನೇ ತಿದ್ದುಪಡಿಯಿಂದ ಅದು 2030ರ ಜನವರಿವರೆಗೆ ಇದೆ. ನೌಕರಿಯ ಮೀಸಲಾತಿಯ 16(4)ಕ್ಕಾಗಲಿ, 1951ರಲ್ಲಿ ಸೇರಿದ 15(4)ಕ್ಕಾಗಲಿ ಯಾವ ಗಡುವೂ ಇಲ್ಲ. ನಮ್ಮ ಓದು, ನೌಕರಿ ನಿಂತಿರುವುದು ಇವುಗಳ ಮೇಲೆ. ಸಾವಿರಾರು ವರ್ಷದ ಲೆಕ್ಕ ಕೇಳದವರು ನಮ್ಮ ಹತ್ತು ವರ್ಷದ ಲೆಕ್ಕ ಮಾತ್ರ ಸುಳ್ಳು ಸೇರಿಸಿ ಕೇಳುತ್ತಾರೆ.

ಕೆರೆ ಏರಿಯ ಮೇಲೆ ಗೆಳೆಯನೊಬ್ಬ ಒಂದು ತಕರಾರು ಎತ್ತಿದ. ‘ಎಲ್ಲ ಬೇರೆಯವರೇ ಮಾಡಿದ್ದು ಅಂದ್ರೆ ನಾವು ಮಾಡಿದ್ದೇನೂ ಇಲ್ವಾ? ರಾತ್ರಿಯೆಲ್ಲ ಓದಿದ್ದು ಯಾರು? ಹೀಗೆ ಹೇಳಿದರೆ ಪ್ರತಿಭೆ ಇಲ್ಲ ಅನ್ನುವವರಿಗೆ ನಾವೇ ದೊಣ್ಣೆ ಕೊಟ್ಟಂತಲ್ವಾ?’ ನ್ಯಾಯವಾದ ಮಾತು. ಓದಿದ್ದು ನಾವೇ. ಆದರೆ ಅಕ್ಕನೂ ರಾತ್ರಿಯೆಲ್ಲ ದುಡಿದಳು. ದುಡಿಮೆ ಇಬ್ಬರದೂ ಒಂದೇ, ದುಡಿಮೆ ಬಿದ್ದ ನೆಲ ಬೇರೆ. ಅವಳ ಬೆವರು ಮಣೆಯ ಮೇಲೆ ಒಣಗಿತು, ನಮ್ಮದು ಮಾರ್ಕ್ಸ್ ಕಾರ್ಡಾಯಿತು. ಪ್ರತಿಭೆ ನಮಗಿಲ್ಲ ಎಂದು ನಾವು ಹೇಳುತ್ತಿಲ್ಲ. ಅಕ್ಕನಿಗೂ ಇತ್ತು ಎನ್ನುತ್ತಿದ್ದೇವೆ. ಅಜ್ಜನ ಪುಸ್ತಕದ ಬೀರು ನೆನೆದ ಆ ಹುಡುಗಿಯೂ ಒಂದು ಸಲ ಕೇಳಿಕೊಳ್ಳಲಿ: ಅಜ್ಜ ಓದುತ್ತಿದ್ದಾಗ ಅವರ ಗದ್ದೆ ಉತ್ತವರ ಮಕ್ಕಳು ಏನು ಮಾಡುತ್ತಿದ್ದರು? ಎಲ್ಲರ ಹತ್ತು ವರ್ಷದ ಕೆಳಗೂ ಇನ್ಯಾರದೋ ಹತ್ತು ವರ್ಷ ಇದೆ. ನಮಗೆ ಅವರ ಮುಖ ಗೊತ್ತು. ಅವಳಿಗೆ ಗೊತ್ತಿಲ್ಲ. ವ್ಯತ್ಯಾಸ ಅಷ್ಟೇ.

ಹಾಗಾದರೆ ಈ ಋಣ ತೀರಿಸುವುದು ಹೇಗೆ? ಮೊದಲ ಸಂಬಳ ಬಂದಾಗ ಸೀರೆ ತೆಗೆದುಕೊಂಡು ಅಕ್ಕನ ಹತ್ತಿರ ಹೋದೆವು. ಈಗ ಅವಳಿಗೆ ಮದುವೆಯಾಗಿ ಮಗಳಿದ್ದಾಳೆ. ಬೆರಳ ಸಂದಿಯ ಕಪ್ಪು ಇನ್ನೂ ಹೋಗಿಲ್ಲ. ‘ಅಕ್ಕಾ, ನಿನ್ನ ವರ್ಷ ನಾನು ತಿಂದೆ’ ಎಂದು ಬಾಯಿ ಬಿಟ್ಟು ಹೇಳಿದಾಗ ಅವಳು ಅಳಲಿಲ್ಲ, ರೇಗಿದಳು.

‘ಸೀರೆ ಕೊಟ್ಟು ತೀರ್ಸೋಕ್ ಬಂದ್ಯಾ? ಹೋದದ್ದು ಹೋಯ್ತು ಕನ್ಲಾ. ನೀನ್ ಅತ್ಕೊಂಡ್ ಕೂತ್ರೆ ಅದೇನ್ ತಿರುಗಿ ಬಂದದಾ? ಇವಳಿಗ್ ಬರೋ ವರ್ಷ ಹತ್ತು ತುಂಬ್ತದೆ. ಇವಳ ಹತ್ತು ವರ್ಷನ ಯಾರೂ ತಕ್ಕೋಬಾರ್ದು. ನಾನೂ ತಕ್ಕೋಬಾರ್ದು, ನೀನೂ ತಕ್ಕೋಬಾರ್ದು. ಅದ್ ನೋಡ್ಕೊ.’

ಯಾವ ಎಂ.ಎ. ತರಗತಿಯಲ್ಲೂ ನಮಗೆ ಇಷ್ಟು ನೇರವಾದ ನೀತಿ ಸಿಕ್ಕಿರಲಿಲ್ಲ. ಪಾಪಪ್ರಜ್ಞೆಯೂ ಒಂದು ಸುಖ, ಅದು ಕೂತಲ್ಲೇ ಕೂರಿಸುತ್ತದೆ. ಅಕ್ಕ ಕೇಳಿದ್ದು ಕಣ್ಣೀರಲ್ಲ, ಕಾವಲು. 1973ರ ಹುಡುಗರು ಏಟು ತಿಂದು ನಮ್ಮ ವರ್ಷ ಕಾದರು. ನಾವು ಯಾರ ವರ್ಷ ಕಾಯುತ್ತಿದ್ದೇವೆ?

ಈ ಪತ್ರಿಕೆ ಓದುವ ಮೇಷ್ಟರುಗಳೇ, ನಿಮ್ಮ ಶಾಲೆಯಲ್ಲಿ ಏಳನೇ ತರಗತಿ ಮುಗಿದ ಮೇಲೆ ಯಾವ ಹುಡುಗಿಯ ಹೆಸರು ಹಾಜರಿ ಪುಸ್ತಕದಿಂದ ಬಿತ್ತು, ನೋಡಿ. ಅವಳ ಮನೆಗೆ ಒಂದು ಸಲ ಅಲ್ಲ, ಹತ್ತು ಸಲ ಹೋಗಿ. ವಿದ್ಯಾರ್ಥಿ ಗೆಳೆಯರೇ, ಊರಿಗೆ ಹೋದಾಗ ತಂಗಿಯ ಕೈಯಲ್ಲಿ ಪುಸ್ತಕ ಇದೆಯೋ ಕಡ್ಡಿ ಇದೆಯೋ ನೋಡಿ, ಆಮೇಲೆ ಕ್ರಾಂತಿಯ ಪದ್ಯ ಬರೆಯಿರಿ. ನಮಗೂ ಇದೇ ಮಾತು.

ಆ ಪ್ರಶ್ನೆಯನ್ನು ಇವತ್ತು ಮತ್ತೆ ಕೇಳಿದರೆ ಎದ್ದು ನಿಲ್ಲುತ್ತೇವೆ. ನಮ್ಮನ್ನು ಮಾಡಿದ ಹತ್ತು ವರ್ಷ ಊದುಬತ್ತಿ ಹೊಸೆದವು. ಇನ್ನು ಮುಂದೆ ನಮ್ಮನ್ನು ಮನುಷ್ಯರನ್ನಾಗಿ ಮಾಡಬೇಕಾದ ಹತ್ತು ವರ್ಷ ಬರುವ ಜೂನಿನಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೋಗುತ್ತವೆ. ಅವನ್ನು ಶಾಲೆಯ ಬಾಗಿಲವರೆಗೂ ಮುಟ್ಟಿಸುವುದು ನಮ್ಮ ಕೆಲಸ.