ಹೊಸಬರಿಗೆ ಯಾವ ಪಂಕ್ತಿ?

ಮನೆತನದ ದೇವರನ್ನು ಬಿಟ್ಟು ಬೇರೆ ಧರ್ಮಕ್ಕೆ ಹೊರಟವನು ಆ ಹಳೆಯ ದೇವರಿಗೆ ಏನು ಹೇಳಿ ಹೋಗಬೇಕು? ಒಡೆದು ಬಿಸಾಡಬೇಕೆ, ಹೊಳೆಗೆ ಬಿಡಬೇಕೆ, ಹೇಳದೆ ಕೇಳದೆ ಬಾಗಿಲು ಎಳೆದುಕೊಂಡು ಹೊರಡಬೇಕೆ? ಕಾಗಿಣಾ ದಂಡೆಯ ಮಾನ್ಯಖೇಟದಿಂದ, ಅಂದರೆ ಇಂದಿನ ನಮ್ಮ ಮಳಖೇಡದಿಂದ, ಆಳುತ್ತಿದ್ದ ಅಮೋಘವರ್ಷ ನೃಪತುಂಗನು ಗುರುವೆಂದು ನಮಿಸಿದ ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿ ಇದಕ್ಕೊಂದು ಉತ್ತರ ಬರೆದಿಟ್ಟಿದ್ದಾರೆ. ಅವರ ಸಂಸ್ಕೃತ ಆದಿಪುರಾಣದ ಪ್ರಕಾರ, ಹೊಸದಾಗಿ ಜೈನನಾಗುವವನು ಮನೆಯಲ್ಲಿದ್ದ ಹಳೆಯ ದೇವತೆಗಳನ್ನು ಬೇರೊಂದು ಕಡೆ ಒಯ್ದು ಇಡಬೇಕು. ಇಷ್ಟು ದಿನ ತಿಳಿಯದೆ ನಿಮ್ಮನ್ನು ಪೂಜಿಸಿದೆ, ಇನ್ನು ಮುಂದೆ ಪೂಜೆ ನಮ್ಮ ಮತದ ದೇವತೆಗಳಿಗೆ, ಸಿಟ್ಟಾಗಬೇಡಿ, ಬೇಕಾದಲ್ಲಿ ಇದ್ದುಕೊಳ್ಳಿ ಎಂಬ ಅರ್ಥದ ಮಾತನ್ನು ಅವುಗಳಿಗೆ ಹೇಳಬೇಕು. ಈ ಕ್ರಿಯೆಗೆ ಗಣಗ್ರಹ ಎಂದು ಹೆಸರು. ತಾನು ಸುಳ್ಳೆಂದು ತಿಳಿದ ದೇವರ ಜೊತೆಗೂ ಇಷ್ಟು ಮರ್ಯಾದೆಯಿಂದ ಮಾತಾಡಿ ಬೀಳ್ಕೊಡುವ ವಿಧಿ ಇನ್ನೆಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಆದರೆ ಶಿಷ್ಯನಾದ ದೊರೆಯೇ ಹಾಗೆ ಬೀಳ್ಕೊಟ್ಟಂತೆ ಕಾಣುವುದಿಲ್ಲ. ನಾಡಿಗೆ ಬಂದ ವಿಪತ್ತು ಕಳೆಯಲೆಂದು ಅಮೋಘವರ್ಷ ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಶಾಸನ ಹೊಗಳುತ್ತದೆ. ಜಿನಸೇನರ ಪಾದಕ್ಕೆ ಬಾಗಿದ ತಲೆ, ಮಹಾಲಕ್ಷ್ಮಿಗೆ ಕೊಟ್ಟ ಬೆರಳು ಎರಡೂ ಒಬ್ಬನವೇ. ಮನುಷ್ಯರು ಹೀಗೇ ಇರುತ್ತಾರೆ ಎಂಬುದು ಗುರುಗಳಿಗೆ ತಿಳಿಯದೆ ಇರಲಾರದು.

ಅದಕ್ಕೇ ಇರಬೇಕು, ಜಿನಸೇನರು ಸಂಸ್ಕಾರಗಳ ಪಟ್ಟಿಯನ್ನು ಬೇರೆ ಬೇರೆ ಮಾಡಿದರು. ಜೈನ ಮನೆಯಲ್ಲಿ ಹುಟ್ಟಿದವರಿಗೆ ಗರ್ಭಾನ್ವಯ ಕ್ರಿಯೆಗಳು 53. ಹೊರಗಿನಿಂದ ಬಂದವರಿಗೆ ದೀಕ್ಷಾನ್ವಯ ಕ್ರಿಯೆಗಳು 48. (ಮೂರನೆಯ ಪಟ್ಟಿಯೂ ಒಂದಿದೆ, ಇಲ್ಲಿ ಅದರ ಕೆಲಸವಿಲ್ಲ.) ಮೊದಲನೆಯದು ತಾಯಿಯ ಬಸಿರಿನಿಂದ ಶುರುವಾಗುತ್ತದೆ. ಎರಡನೆಯದು ಶುರುವಾಗುವುದು ಗುರುವಿನ ಬಳಿ ಬಂದು ನಿಜವಾದ ಧರ್ಮ ಯಾವುದೆಂದು ಕೇಳುವುದರಿಂದ. ಇಲ್ಲಿ ಗುರುವೇ ತಂದೆ, ತತ್ತ್ವಜ್ಞಾನವೇ ಗರ್ಭ. ಈ ದಾರಿಯಲ್ಲಿ ಬಂದವನು ಮೊದಲೇ ಕೈಹಿಡಿದ ಹೆಂಡತಿಯನ್ನು ಹೊಸ ವಿಧಿಯಿಂದ ಮತ್ತೆ ಮದುವೆಯಾಗುತ್ತಾನೆ. ಮುಟ್ಟುವ ಊರು ಎರಡು ಪಟ್ಟಿಗಳಿಗೂ ಒಂದೇ, ಹೊರಡುವ ಊರು ಮಾತ್ರ ಬೇರೆ.

ಹೊರಗಿನಿಂದ ಬಂದವರನ್ನು ಹೇಗೆ ಸೇರಿಸಿಕೊಳ್ಳಬೇಕೆಂಬ ಇದೇ ಪ್ರಶ್ನೆ ಜಿನಸೇನರಿಗಿಂತ ಸುಮಾರು ಎಂಟುನೂರು ವರ್ಷ ಮೊದಲು ಯೆರೂಸಲೇಮಿನಲ್ಲಿ ಎದ್ದಿತ್ತು. ಯೇಸುವೂ ಅವನ ಮೊದಲ ಶಿಷ್ಯರೂ ಯೆಹೂದ್ಯರು. ಸುನ್ನತಿ, ಸಬ್ಬತ್ ದಿನ, ಊಟದ ಶುದ್ಧ ಅಶುದ್ಧ ಇವೆಲ್ಲ ಅವರಿಗೆ ಹುಟ್ಟಿನಿಂದ ಬಂದದ್ದು. ಗ್ರೀಕರು, ರೋಮನರು, ಸಿರಿಯದವರು ಬಂದು ನಮಗೂ ಯೇಸುವಿನ ಮಾತು ಬೇಕು ಎಂದಾಗ ಅದನ್ನು ಸಾರುತ್ತಿದ್ದ ಅಪೊಸ್ತಲರು ಇಕ್ಕಟ್ಟಿಗೆ ಸಿಕ್ಕರು. ಇವರು ಮೊದಲು ಯೆಹೂದ್ಯರಾಗಿ ಆಮೇಲೆ ಕ್ರೈಸ್ತರಾಗಬೇಕೋ, ಇದ್ದ ಹಾಗೇ ಬರಬಹುದೋ?

ಈ ಅಪೊಸ್ತಲರಲ್ಲೊಬ್ಬನಾದ ಪೌಲನ ಉಪದೇಶಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಇಬ್ಬರು ಬೇರೆ ಬೇರೆ ಬೋಧಕರ ಮಾತು ಕೇಳಿದಂತಾಗುತ್ತದೆ. ಪಿಸಿದ್ಯ ಸೀಮೆಯ ಅಂತಿಯೋಕ್ಯದ ಸಭಾಮಂದಿರದಲ್ಲಿ ಯೆಹೂದ್ಯರ ಮುಂದೆ ನಿಂತಾಗ ಅವನು ಐಗುಪ್ತದಿಂದ ಹೊರಟು, ಅರಣ್ಯದ ನಲವತ್ತು ವರ್ಷ ದಾಟಿ, ದಾವೀದನ ಬಳಿ ನಿಂತು, ಅಲ್ಲಿಂದ ಯೇಸುವಿಗೆ ಬರುತ್ತಾನೆ. ಕೇಳುವವರಿಗೆ ಅದು ಅಜ್ಜ ಮುತ್ತಜ್ಜರ ಕಥೆ. ಲುಸ್ತ್ರವೆಂಬ ಊರಿನಲ್ಲಿ ಕಂಡ ದೃಶ್ಯವೇ ಬೇರೆ. ಪೌಲನ ಮಾತಿಗೆ ಹುಟ್ಟುಕುಂಟನೊಬ್ಬ ಎದ್ದು ನಡೆದನೆಂದು ಊರ ಜನ ಅವನ ಜೊತೆಗಾರ ಬಾರ್ನಬನನ್ನು ಜೆಯುಸ್ ದೇವರೆಂದೂ ಪೌಲನನ್ನು ಹೆರ್ಮೆಯೆಂದೂ ಕೂಗಿದರು, ಪೂಜಾರಿ ಹೋರಿಗಳನ್ನೂ ಹೂಮಾಲೆಗಳನ್ನೂ ತಂದೇಬಿಟ್ಟ. ಪೌಲ ಅಲ್ಲಿ ಅಬ್ರಹಾಮನ ಹೆಸರೆತ್ತಲಿಲ್ಲ, ಮೋಶೆಯ ಹೆಸರೆತ್ತಲಿಲ್ಲ. ನಾವೂ ನಿಮ್ಮ ಹಾಗೆ ಮನುಷ್ಯರೇ ಎಂದ. ಆಕಾಶದಿಂದ ಮಳೆ ಕೊಟ್ಟವನು, ಹೊತ್ತು ಹೊತ್ತಿಗೆ ಬೆಳೆ ಕೊಟ್ಟವನು, ನಿಮ್ಮ ಹೊಟ್ಟೆ ತುಂಬಿಸಿದವನು ಒಬ್ಬನಿದ್ದಾನೆ ಎಂದ. ಮಳೆ ಕೈಕೊಟ್ಟರೆ ತೊಗರಿ ಒಣಗುವ ನಮ್ಮ ಸೇಡಂ, ಚಿಂಚೋಳಿಯ ರೈತನಿಗೆ ಬೈಬಲ್ಲಿನ ಉಪದೇಶಗಳಲ್ಲೆಲ್ಲ ಯಾರೂ ಬಿಡಿಸಿ ಹೇಳದೆ ಅರ್ಥವಾಗುವುದು ಬಹುಶಃ ಇದೊಂದೇ. ಅಥೇನೆಯಲ್ಲಿ ಪಂಡಿತರ ಮುಂದೆಯೂ ಹಾಗೆಯೇ: ಅವರದೇ ಊರಿನ ಒಂದು ಬಲಿಪೀಠದಿಂದ ಮಾತು ಶುರು, ಅವರದೇ ಕವಿಗಳ ಸಾಕ್ಷಿ, ಯೆಹೂದ್ಯರ ಶಾಸ್ತ್ರದ ಒಂದು ವಾಕ್ಯವೂ ಇಲ್ಲ.

ಇದನ್ನು ಎರಡು ನಾಲಿಗೆ ಎನ್ನಬಹುದೆ? ಪೌಲನನ್ನು ಅವನ ಕಾಲದಲ್ಲೇ ಹಾಗೆ ಬೈದವರಿದ್ದರು. ಯೆಹೂದ್ಯರಿಗೆ ಯೆಹೂದ್ಯನಂತಾದೆ, ಧರ್ಮಶಾಸ್ತ್ರವಿಲ್ಲದವರಿಗೆ ಅದಿಲ್ಲದವನಂತಾದೆ ಎಂದು ಅವನೇ ಕೊರಿಂಥದವರಿಗೆ ಬರೆದು ಬೈಯುವವರ ಕೈಗೆ ಕೋಲು ಕೊಟ್ಟಿದ್ದಾನೆ. ತಾಯಿ ಯೆಹೂದ್ಯಳು, ತಂದೆ ಗ್ರೀಕನಾಗಿದ್ದ ತನ್ನ ಜೊತೆಗಾರ ತಿಮೊಥೆಯನಿಗೆ ಅವನು ತಾನೇ ಮುಂದೆ ನಿಂತು ಸುನ್ನತಿ ಮಾಡಿಸಿದ. ಗ್ರೀಕನಾದ ಇನ್ನೊಬ್ಬ ಜೊತೆಗಾರ ತೀತನಿಗೆ ಮಾಡಿಸಿರೆಂದು ಒತ್ತಾಯ ಬಂದಾಗ ಒಂದು ಗಳಿಗೆಯೂ ಒಪ್ಪಲಿಲ್ಲ. ಮೇಲುನೋಟಕ್ಕೆ ಇದು ಅನುಕೂಲಸಿಂಧು ಬುದ್ಧಿ. ನನಗೆ ಹಾಗೆ ಕಾಣುವುದಿಲ್ಲ. ತಿಮೊಥೆಯನದು ಹೋಗಿ ನಿಲ್ಲಬೇಕಾದ ಮನೆಯವರ ಮನಸ್ಸು ನೋಯಬಾರದೆಂದು ಮಾಡಿದ್ದು. ತೀತನಿಗೆ ಕೇಳಿದ್ದು ಬಾಗಿಲಲ್ಲಿ ಕಟ್ಟಬೇಕಾದ ಸುಂಕ. ಕೆಲಸ ಒಂದೇ ಆದರೂ ಸುಂಕವಾಗಿ ಕೇಳಿದಾಗ ಕೊಡಬಾರದೆಂಬ ಹಟ ಅವನದು.

ಸುಮಾರು ಕ್ರಿ.ಶ. 49ರಲ್ಲಿ ಹಿರಿಯರೆಲ್ಲ ಯೆರೂಸಲೇಮಿನಲ್ಲಿ ಕೂಡಿದರು. ಸುನ್ನತಿ ಆಗಲೇಬೇಕೆಂದವರು ಫರಿಸಾಯರ ಗುಂಪಿನಿಂದ ಬಂದ ವಿಶ್ವಾಸಿಗಳು. ಸುನ್ನತಿಯಿಲ್ಲದ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಯವರನ್ನೂ ದೇವರು ಒಪ್ಪಿಕೊಂಡದ್ದನ್ನು ತಾನೇ ಕಂಡಿದ್ದೆನೆಂದು ನೆನೆದು, ನಮ್ಮ ಹಿರಿಯರೂ ನಾವೂ ಹೊರಲಾರದ ನೊಗವನ್ನು ಇವರ ಹೆಗಲಿಗೇಕೆ ಎಂದವನು ಯೇಸುವಿನ ಮೊದಲ ಶಿಷ್ಯರಲ್ಲೊಬ್ಬನಾದ ಪೇತ್ರ. ಯೇಸುವಿನ ತಮ್ಮ ಯಾಕೋಬ ತೀರ್ಮಾನ ಹೇಳಿದ: ಅನ್ಯಜನರಿಗೆ, ಅಂದರೆ ಯೆಹೂದ್ಯರಲ್ಲದವರಿಗೆ, ಸುನ್ನತಿ ಬೇಡ, ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ ಇವನ್ನು ಬಿಟ್ಟರೆ ಸಾಕು. ಈ ನಾಲ್ಕರಲ್ಲಿ ಮೂರು ಊಟಕ್ಕೆ ಸೇರಿದವು. ಹಾಕಿದ ಕಟ್ಟಳೆಯೆಲ್ಲ ಹೆಚ್ಚುಕಡಿಮೆ ಯೆಹೂದ್ಯರೂ ಅನ್ಯಜನರೂ ಒಟ್ಟಿಗೆ ಉಣ್ಣಲು ಸಾಧ್ಯವಾಗಲೆಂಬುದಕ್ಕೇ ಇದ್ದಂತಿದೆ.

ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಬಲಗೈ ಕೊಟ್ಟು ಮಾಡಿಕೊಂಡ ಒಪ್ಪಂದದ ಮಾತೂ ಇದೆ. ಪೇತ್ರ ಯೆಹೂದ್ಯರ ಕಡೆಗೆ, ಪೌಲ ಅನ್ಯಜನರ ಕಡೆಗೆ. ಹೀಗೆ ಸೀಮೆ ಹಂಚಿಕೊಂಡ ಮೇಲೆ ಯೆರೂಸಲೇಮಿನವರು ಕೇಳಿಕೊಂಡದ್ದು ಒಂದನ್ನೇ: ಬಡವರನ್ನು ಮರೆಯಬೇಡಿ.

ಇಷ್ಟಾದರೂ ಅದೇ ಪತ್ರದಲ್ಲಿ ಸಿರಿಯದ ಅಂತಿಯೋಕ್ಯದ ಜಗಳ ಬರುತ್ತದೆ. ಪೇತ್ರ ಅಲ್ಲಿ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯಾಕೋಬನ ಕಡೆಯವರು ಬಂದರು. ಪೇತ್ರ ಮೆಲ್ಲಗೆ ಎದ್ದ, ಬೇರೆ ಕೂತ. ಉಳಿದ ಯೆಹೂದ್ಯರೂ ಎದ್ದರು, ಬಾರ್ನಬನೂ ಎದ್ದ. ಪೌಲ ಎಲ್ಲರ ಮುಂದೆಯೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ.

ಪೇತ್ರನನ್ನು ಹೇಡಿ ಎಂದುಬಿಡುವುದು ಸುಲಭ. ಅವನ ಕಡೆಯಿಂದಲೂ ಸ್ವಲ್ಪ ನೋಡಬೇಕು. ಅವನಿಗೆ ವಹಿಸಿದ್ದು ಯೆಹೂದ್ಯರ ನಡುವಿನ ಕೆಲಸ. ಈತ ಅಶುದ್ಧರ ಜೊತೆ ಉಣ್ಣುತ್ತಾನೆಂಬ ಸುದ್ದಿ ಯೆರೂಸಲೇಮಿಗೆ ಮುಟ್ಟಿದರೆ ಅವನ ಮಾತನ್ನು ಅಲ್ಲಿ ಯಾರು ಕೇಳಬೇಕು? ವಾಡಿ, ಶಹಾಬಾದದ ಸಿಮೆಂಟು ಕಾರ್ಖಾನೆಗಳಲ್ಲಿ, ಪರ್ಸಿ ಕಲ್ಲಿನ ಗಣಿಗಳಲ್ಲಿ ವರ್ಷಗಟ್ಟಲೆ ಒಂದೇ ಕಡೆ ಕೂತು ಬುತ್ತಿಯ ರೊಟ್ಟಿ ಹಂಚಿಕೊಂಡ ಗೆಳೆಯರು ಊರಿಂದ ಹಿರಿಯರು ಬಂದ ದಿನ ದೂರ ಕೂರುವುದು ನಮಗೇನೂ ಹೊಸದಲ್ಲ. ‘ಅವರ ಮನ್ಯಾಗ ಉಣ್ತೀಯೇನೋ?’ ಎಂಬ ಒಂದು ಪ್ರಶ್ನೆಗೆ ಎಂಥ ಗಟ್ಟಿ ಆಳೂ ನೆಲ ನೋಡುತ್ತಾನೆ. ಪೇತ್ರನ ನಂಬಿಕೆ ಬದಲಾಗಿರಲಿಲ್ಲ, ಬಾಯಿಂದ ತಪ್ಪು ಬೋಧನೆಯೂ ಬಂದಿರಲಿಲ್ಲ. ಎದ್ದು ಬೇರೆ ಕೂತದ್ದಷ್ಟೆ. ಆದರೆ ಆ ಊಟದಲ್ಲಿದ್ದ ಗ್ರೀಕನಿಗೆ ಅಷ್ಟು ದಿನ ಕೇಳಿದ ಬೋಧನೆಗಿಂತ ಅದೇ ದೊಡ್ಡದಾಗಿ ಕೇಳಿಸಿರಬೇಕು.

ಪಾಠ ಬೇರೆ ಆಗಬಹುದು, ಆಗಲೇಬೇಕು. ಅಜ್ಜನ ಕಥೆ ಗೊತ್ತಿರುವವನಿಗೂ ಮಳೆಯಷ್ಟೇ ಗೊತ್ತಿರುವವನಿಗೂ ಒಂದೇ ಪಾಠ ಒಪ್ಪಿಸುವವನು ಸೋಮಾರಿ ಗುರು. ಪಾಠ ಮುಗಿಸಿ ಕೈ ತೊಳೆದು ಕೂರುವಾಗ ಪಂಕ್ತಿ ಎರಡಾಯಿತೆಂದರೆ ಮಾತ್ರ, ಮೊದಲಿನಿಂದಲೂ ಕಲಿಸಿದ್ದು ಎರಡು ಧರ್ಮವನ್ನೇ ಎಂದು ಅನುಮಾನಿಸಬೇಕಾಗುತ್ತದೆ.

ಜಿನಸೇನರಿಗೆ ಈ ಗಂಡಾಂತರ ಗೊತ್ತಿತ್ತು. ದೀಕ್ಷಾನ್ವಯದಲ್ಲಿ ವರ್ಣಲಾಭ ಎಂಬ ಕ್ರಿಯೆಯಿದೆ. ಹೊಸಬ ನಾಲ್ವರು ಹಿರಿಯ ಶ್ರಾವಕರನ್ನು, ಅಂದರೆ ಜೈನ ಗೃಹಸ್ಥರನ್ನು, ಕರೆದು, ನನ್ನನ್ನು ನಿಮ್ಮ ಸಮಾನನನ್ನಾಗಿ ಮಾಡಿಕೊಳ್ಳಿ ಎಂದು ಬೇಡುತ್ತಾನೆ. ಹಿರಿಯರು ಒಪ್ಪುತ್ತಾರೆ, ಹೊಗಳುತ್ತಾರೆ, ನಿಮ್ಮಂಥವರು ಸಿಗದಿದ್ದರೆ ನಾವು ಬೇರೆ ಮತದವರ ಜೊತೆಗೇ ನಂಟು ಬೆಳೆಸಬೇಕಾಗಿತ್ತು ಎಂದೂ ಹೇಳುತ್ತಾರೆ. ಹೆಣ್ಣು ಕೊಟ್ಟು ತರುವ ಲೆಕ್ಕ ಅದರೊಳಗಿದೆ. ಇರಲಿ, ಸಮಾನತೆಯನ್ನು ಮನಸ್ಸಿನೊಳಗಿನ ಭಾವವಾಗಿ ಬಿಡದೆ ನಾಲ್ವರ ಎದುರು ಬಾಯಿಬಿಟ್ಟು ಹೇಳಿಸಿದ್ದು ಸಣ್ಣ ಮಾತಲ್ಲ.

ಆದರೂ ಇದನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಮನುಷ್ಯಜಾತಿ ಒಂದೇ, ಭೇದವೆಲ್ಲ ವೃತ್ತಿಯಿಂದ ಬಂದದ್ದು ಎಂದು ಬರೆದವರೂ ಜಿನಸೇನರೇ. 941ರಲ್ಲಿ ಪಂಪ ಈ ವಿಚಾರವನ್ನು ತನ್ನ ಆದಿಪುರಾಣಕ್ಕೆ ತಂದುದರಿಂದ ಅದು ಕನ್ನಡದ ಆಸ್ತಿಯಾಯಿತು. ಅದೇ ಜಿನಸೇನರು ನೃತ್ಯಗೀತ, ಕೈಕಸುಬುಗಳಿಂದ ಬದುಕುವ ಕುಲದವರನ್ನು ಪೂರ್ಣ ದೀಕ್ಷೆಗೆ ತಕ್ಕವರಲ್ಲವೆಂದು ಹೊರಗಿಟ್ಟರು. ಸಮಾನನಾಗುವ ಬೇಡಿಕೆ ಸಲ್ಲಿಸಲಿಕ್ಕೂ ಮೊದಲೇ ಒಂದು ಹೊಸ್ತಿಲು ದಾಟಿರಬೇಕು. ಯೆರೂಸಲೇಮಿನಲ್ಲಿ ಕಿತ್ತ ಸುಂಕದ ಕಟ್ಟೆ ಇಲ್ಲಿ ಉಳಿದೇ ಹೋಯಿತು.

ಮುನ್ನೂರು ವರ್ಷಗಳ ಮೇಲೆ, ಮಳಖೇಡದಿಂದ ಬಹಳ ದೂರವಲ್ಲದ ಕಲ್ಯಾಣದಲ್ಲಿ ಈ ಹೊಸ್ತಿಲಿಗೇ ಕೈ ಹಾಕಿದವರು ಬಂದರು. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸ ಇಬ್ಬರೂ ಲಿಂಗದೀಕ್ಷೆ ಪಡೆದವರು. ದೀಕ್ಷೆಯಾದ ಮೇಲೆ ಹಿಂದಿನ ಜಾತಿಯೆಲ್ಲಿ ಎಂದು ಮಕ್ಕಳಿಗೆ ಮದುವೆ ಮಾಡಿದರು. ಇಬ್ಬರೂ ತಂದೆಯರನ್ನು ಅಲ್ಲಿ ಆಳುತ್ತಿದ್ದ ಬಿಜ್ಜಳ ಕೊಲ್ಲಿಸಿದನೆಂದು ಶರಣ ಪರಂಪರೆ ಹೇಳುತ್ತದೆ. ಅನುಭವದ ಮಾತುಗಳನ್ನು ಅಷ್ಟು ವರ್ಷ ಸಹಿಸಿಕೊಂಡ ಊರು ಒಂದು ಮದುವೆಯನ್ನು ಸಹಿಸಲಿಲ್ಲ.

ಕ್ರೈಸ್ತರು ಭಾರತಕ್ಕೆ ಬಂದಾಗ ಅಂತಿಯೋಕ್ಯದ ಜಗಳ ಅವರ ಜೊತೆಗೇ ಬಂತು. 1606ರಲ್ಲಿ ಮದುರೆಗೆ ಬಂದ ಇಟಲಿಯ ಯೇಸುಸಭೆಯ ಪಾದ್ರಿ ರಾಬರ್ಟ್ ಡಿ ನೊಬಿಲಿ ಕಾವಿ ಉಟ್ಟು, ಮಾಂಸ ಬಿಟ್ಟು, ಸಂನ್ಯಾಸಿಯಂತೆ ಬಾಳಿ ಮೇಲುಜಾತಿಯವರಿಗೆ ಅವರ ಶಾಸ್ತ್ರದ ಭಾಷೆಯಲ್ಲೇ ಬೋಧಿಸಿದ. ಅಥೇನೆಯ ಪೌಲನನ್ನು ಮೆಚ್ಚುವವನು ಇಷ್ಟನ್ನು ಮೆಚ್ಚಲೇಬೇಕು. ಆದರೆ ಕೆಳಜಾತಿಯವರಿಗೆಂದು ಪಂಡಾರಸ್ವಾಮಿಗಳೆಂಬ ಬೇರೆ ಪಾದ್ರಿಗಳೇ ಆಮೇಲೆ ನೇಮಕವಾದರು. ಇದನ್ನು ಮೆಚ್ಚುವುದು ನನ್ನಿಂದಾಗದು. ಇತ್ತ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜಾತಿ ಬಿಟ್ಟು ಬನ್ನಿ ಎಂದು ಪಟ್ಟು ಹಿಡಿದರು. ಅವರ ಕಟ್ಟುನಿಟ್ಟಿನ ಬಗ್ಗೆ ನೂರು ದೂರು ಹೇಳಬಹುದು, ಆದರೆ ಪಂಕ್ತಿಯ ಪ್ರಶ್ನೆಯಲ್ಲಿ ಅವರು ನಿಂತದ್ದು ಪೌಲನ ಕಡೆಗೆ.

ಅಂತಿಯೋಕ್ಯದಲ್ಲಿ ಪೌಲನ ತರಾಟೆಗೆ ಪೇತ್ರ ಏನು ಉತ್ತರ ಕೊಟ್ಟನೆಂಬುದು ಗಲಾತ್ಯದವರ ಪತ್ರದಲ್ಲಿಲ್ಲ. ಬಡವರನ್ನು ಮರೆಯಬೇಡಿ ಎಂಬ ಮಾತನ್ನು ಪೌಲ ಉಳಿಸಿಕೊಂಡದ್ದು ಮಾತ್ರ ನಮಗೆ ಗೊತ್ತು. ಮಕೆದೋನ್ಯ, ಅಖಾಯ ಸೀಮೆಗಳ ಗ್ರೀಕರಿಂದ ಯೆರೂಸಲೇಮಿನ ಬಡ ಯೆಹೂದ್ಯ ಕ್ರೈಸ್ತರಿಗಾಗಿ ಹಣ ಕೂಡಿಸಿ ತಾನೇ ತೆಗೆದುಕೊಂಡು ಹೊರಟ. ರೋಮಿನವರಿಗೆ ಬರೆದ ಪತ್ರದಲ್ಲಿ ಅವನ ಅಳುಕು ಕಾಣುತ್ತದೆ, ಈ ಸಹಾಯ ಅಲ್ಲಿನ ದೇವಜನರಿಗೆ ಒಪ್ಪಿಗೆಯಾಗಲೆಂದು ನೀವೂ ಪ್ರಾರ್ಥಿಸಿ ಎನ್ನುತ್ತಾನೆ. ಕೊಡುವವರ ಕೈ ಅನ್ಯರದು, ತೆಗೆದುಕೊಳ್ಳುವವರು ತೆಗೆದುಕೊಂಡಾರೋ ಇಲ್ಲವೋ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಎಂಬ ಭಾಗ ಆ ಪ್ರಯಾಣವನ್ನು ವಿವರವಾಗಿ ಹೇಳುತ್ತದೆ, ಹಣ ಕೈಗಿಟ್ಟಾಗ ಅವರ ಮುಖ ಹೇಗಿತ್ತೆಂದು ಹೇಳುವುದಿಲ್ಲ. ಯೆರೂಸಲೇಮಿನ ದೇವಾಲಯದಲ್ಲಿ ಅನ್ಯಜನರು ದಾಟಬಾರದ ಒಂದು ಅಡ್ಡಗೋಡೆಯಿತ್ತು. ದಾಟಿದವನ ಸಾವಿಗೆ ಅವನೇ ಹೊಣೆ ಎಂದು ಗ್ರೀಕ್ ಭಾಷೆಯಲ್ಲಿ ಕೊರೆದ ಅದರ ಕಲ್ಲೊಂದು 1871ರಲ್ಲಿ ಸಿಕ್ಕಿದೆ. ಎಫೆಸದ ತ್ರೊಫಿಮನೆಂಬ ಅನ್ಯಜನನನ್ನು ಪೌಲ ಈ ಗೋಡೆಯೊಳಗೆ ಕರೆತಂದನೆಂದು ಗದ್ದಲವೆದ್ದಿತು, ಪೌಲನನ್ನು ಹೊರಗೆಳೆದು ಹೊಡೆದರು, ರೋಮನ್ ಸೈನಿಕರು ಬಂದು ಬಿಡಿಸಿ ಬೇಡಿ ಹಾಕಿದರು. ತ್ರೊಫಿಮ ಒಳಗೆ ಹೋದದ್ದನ್ನು ಕಂಡವರಿಲ್ಲ. ಅವನು ಪೌಲನ ಜೊತೆ ಊರಲ್ಲಿ ತಿರುಗಾಡುತ್ತಿದ್ದುದನ್ನು ಜನ ನೋಡಿದ್ದರು.